ಕುಡಿತಕ್ಕೆ ಸಿಕ್ಕ ಆಟಗಾರ
ಸುಲಭದ ಕ್ಯಾಚ್ ಬಿಟ್ಟರೆ ಬೈಯೋಣ, ಸರಿ. ಆದರೆ ಆಟಗಾರನೊಬ್ಬ ಕುಡಿತಕ್ಕೆ ಸಿಕ್ಕಿಬಿದ್ದರೆ ಸುಮ್ನೆ ಆಡಿಕೊಳ್ಳುವುದು ಯಾಕೆ? ಇವತ್ತು ಟೋನಿ ಆಡಮ್ಸ್ ನೆನಪಾದರು. ಆರ್ಸೆನಲ್ ಫುಟ್‌ಬಾಲ್ ತಂಡದ ನಾಯಕರಾಗಿದ್ದವರು. ಕುಡಿದು ಕಾರು ಓಡಿಸಿ 1990ರಲ್ಲಿ ಜೈಲಿಗೆ ಹೋದರು. ಅದು ತಪ್ಪೇ. ರಸ್ತೆಯಲ್ಲಿ ಬೇರೆಯವರ ಜೀವವೂ ಇರುತ್ತದೆ, ಅಲ್ವಾ? ಶಿಕ್ಷೆ ಆಗಲೇಬೇಕಿತ್ತು. ಆದರೆ 1996ರಲ್ಲಿ ತಾನು ಕುಡಿತದ ದಾಸ ಎಂದು ಎಲ್ಲರೆದುರು ಒಪ್ಪಿಕೊಂಡರಲ್ಲ, ಆ ಧೈರ್ಯ ನನಗೆ ಅವರು ಗೆದ್ದ ಕಪ್‌ಗಳಿಗಿಂತ ದೊಡ್ಡದಾಗಿ ಕಾಣುತ್ತದೆ. 2000ದಲ್ಲಿ ತಮ್ಮಂತೆ ಕಷ್ಟಪಡುವ ಆಟಗಾರರಿಗಾಗಿ ‘ಸ್ಪೋರ್ಟಿಂಗ್ ಚಾನ್ಸ್’ ಸಂಸ್ಥೆ ಕಟ್ಟಿದರು. ಕುಡಿತ ಒಂದು ಕಾಯಿಲೆ. ಮೊಣಕಾಲು ನೋವಿಗೆ ಮರುಗುವ ನಾವು ಇದಕ್ಕೆ ಮಾತ್ರ ನಗುತ್ತೇವೆ. ಇನ್ನೊಬ್ಬ ಹೆಸರಾಂತ ಫುಟ್‌ಬಾಲ್ ಆಟಗಾರ ಜಾರ್ಜ್ ಬೆಸ್ಟ್‌ಗೆ ಲಿವರ್ ಕಸಿ ಮಾಡಿದರೂ ಕುಡಿತ ಅವರನ್ನು ಬಿಡಲಿಲ್ಲ. 2005ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 59 ವರ್ಷ.