ಓತಿಗಿಂತ ಮೊದಲು ಜೇನು

ಇವತ್ತು ಮಧ್ಯಾಹ್ನ ‘ಕರ್ವಾಲೊ’ ಕಾದಂಬರಿ ತೆಗೆದುಕೊಂಡು ಪೆನ್ಸಿಲ್ ಹಿಡಿದು ಕೂತೆ. ಈ ಸಲ ಕತೆಗಾಗಿ ಅಲ್ಲ, ತೇಜಸ್ವಿ ಇದನ್ನು ಹೇಗೆ ಕಟ್ಟಿದ್ದಾರೆ ಅಂತ ನೋಡೋದಕ್ಕೆ.

ಕಾದಂಬರಿ ಹುಡುಕಿಕೊಂಡು ಹೋಗೋದು ಹಾರುವ ಓತಿಯನ್ನು, ಅಲ್ವಾ? ಆದರೆ ಶುರುವಾಗೋದು ಜೇನಿನಿಂದ. ಜೇನಿನ ಹಿಂದೆಯೇ ಹಳ್ಳಿಗ ಮಂದಣ್ಣ ಬರುತ್ತಾನೆ, ಆಮೇಲೆ ವಿಜ್ಞಾನಿ ಕರ್ವಾಲೊ, ಓತಿಯ ಸುದ್ದಿ ಎಷ್ಟೋ ಪುಟ ಆದಮೇಲೆ. ಅಷ್ಟು ಹೊತ್ತಿಗೆ ನಮಗೆ ಈ ಜನರ ಜೊತೆ ಕಾಡಿಗೆ ಹೊರಡೋ ಆಸೆ ಹುಟ್ಟಿರುತ್ತೆ. ಓತಿ ಮೊದಲ ಪುಟದಲ್ಲೇ ಹಾರಿಬಿಟ್ಟಿದ್ದರೆ ಅದು ಸುಮ್ನೆ ಒಂದು ಪ್ರಾಣಿಯಾಗಿ ಉಳಿಯುತ್ತಿತ್ತು.

ನನಗೆ ಜಾಸ್ತಿ ಹಿಡಿಸಿದ್ದು ಇನ್ನೊಂದು ವಿಷಯ. ನಿರೂಪಕನಿಗೆ ಮಂದಣ್ಣನ ಮೇಲೆ ಅಷ್ಟೇನೂ ನಂಬಿಕೆ ಇಲ್ಲ. ಇಂಥವನ ಜೊತೆ ಅಷ್ಟು ದೊಡ್ಡ ವಿಜ್ಞಾನಿಗೆ ಏನು ಕೆಲಸ ಅಂತ ಅವನಿಗೇ ಅನುಮಾನ. ಆ ಅನುಮಾನ ಓದೋರದ್ದೂ ಹೌದು, ಅದಕ್ಕೇ ಲೇಖಕರು ಬಂದು ‘ಮಂದಣ್ಣ ಸಾಮಾನ್ಯದವನಲ್ಲ’ ಅಂತ ವಾದಿಸಬೇಕಾಗಿಲ್ಲ, ಕರ್ವಾಲೊ ಅವನನ್ನು ನೋಡೋ ರೀತಿಯೇ ನಿಧಾನವಾಗಿ ನಮ್ಮ ಕಣ್ಣನ್ನೂ ಬದಲಾಯಿಸುತ್ತೆ. ಒಂದು ಪಾತ್ರವನ್ನು ಇನ್ನೊಂದು ಪಾತ್ರದ ಗೌರವದಿಂದ ಬೆಳೆಸೋದು. ಎಂಥಾ ಚಂದದ ಕೆಲಸ ಇದು! 1980ರ ಪುಸ್ತಕ, ಇವತ್ತಿಗೂ ಪಾಠ ಹೇಳುತ್ತೆ.

ಅಂಚಿನಲ್ಲೆಲ್ಲ ಗುರುತು ಹಾಕಿದ್ದೇನೆ: ಎಲ್ಲಿ ಹೊಸಬರು ಬಂದರು, ಎಲ್ಲಿ ಪ್ರಶ್ನೆ ಎದ್ದಿತು, ಎಲ್ಲಿ ಉತ್ತರ ತಡೆಹಿಡಿದರು.

ಕತೆ ಬರೆಯೋ ಗೆಳೆಯರೇ, ನೀವು ಹೀಗೆ ಬಿಚ್ಚಿ ನೋಡಿದ ಕಾದಂಬರಿ ಯಾವುದು? ಹೇಳಿ, ಮುಂದಿನ ವಾರ ಅದನ್ನೇ ಹಿಡಿಯುತ್ತೇನೆ.