ದಾಲ್ ಮಿಲ್ಲಿನ ಕಾಟಾಕ್ಕೆ ಮುಳ್ಳು ಬಂತು

ಕಣ್ಣು ಕಾಣದವರೂ ತೂಗುವಂತೆ ಕಾಟಾಕ್ಕೆ, ಅಂದರೆ ತೂಕದ ಯಂತ್ರಕ್ಕೆ, ಜೋಡಿಸಿದ ಮುಳ್ಳು ಕೊನೆಗೂ ಹೇಳಿದ ಮಾತು ಕೇಳುತ್ತಿದೆ. 500 ಗ್ರಾಂ ಬೇಳೆಗೆ ನೆಟ್ಟಗೆ ನಿಲ್ಲುತ್ತದೆ. ಕಡಿಮೆ ಇದ್ದರೆ ಎಡಕ್ಕೆ, ಜಾಸ್ತಿಯಾದರೆ ಬಲಕ್ಕೆ. ಹಿಂದಿನ ಕಂತಿನಲ್ಲಿ ಇದನ್ನು ‘ಮಾತಾಡುವ ಕಾಟಾ’ ಅಂತ ಕರೆದಿದ್ದೆ. ಆ ಹೆಸರು ವಾಪಸ್. ಇದೀಗ ಒಂದಕ್ಷರ ಮಾತಾಡುವುದಿಲ್ಲ, ಅದಕ್ಕೇ ಕೆಲಸಕ್ಕೆ ಬರುತ್ತಿದೆ.

ಹೊಸದಾಗಿ ಓದುವವರಿಗೆ ಹಿನ್ನೆಲೆ ಚುಟುಕಾಗಿ. ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ದಾಲ್ ಮಿಲ್ಲು. ನಮ್ಮ ಓಣಿಯ ಕಾಕಾ ಅಲ್ಲಿ ಪ್ಯಾಕಿಂಗ್ ಮಾಡುತ್ತಿದ್ದರು. ಅವರಿಗೆ ಅಕ್ಷಿಪಟಲದ ಕಾಯಿಲೆ. ಇರುಳುಗಣ್ಣಿನಿಂದ ಶುರುವಾಗಿ, ಪಕ್ಕದ ನೋಟ ಕಿರಿದಾಗುತ್ತಾ ಬಂದು, ಈಗ ಬೆಳಕು ಕತ್ತಲೆ ಅಷ್ಟೇ ತಿಳಿಯುತ್ತದೆ. ಹಳೇ ತಕ್ಕಡಿ ಇರುವ ತನಕ ಏನೂ ತೊಂದರೆ ಇರಲಿಲ್ಲ. ಎಡಗೈ ಬೆರಳು ಮುಳ್ಳಿನ ಮೇಲೆ, ಬಲಗೈಯಲ್ಲಿ ಬೇಳೆ. ಕಣ್ಣಿದ್ದವರಿಗಿಂತ ಸರಿಯಾಗಿ ತೂಗುತ್ತಿದ್ದರು. ಆಮೇಲೆ ಡಿಜಿಟಲ್ ಕಾಟಾ ಬಂತು. ಅದರಲ್ಲಿ ಇರುವುದು ಕೆಂಪು ಅಂಕಿ ಮಾತ್ರ. ಕಾಕಾನನ್ನು ಚೀಲ ಹೊರಲು, ಕಸ ಗುಡಿಸಲು ಹಾಕಿದರು. ಪ್ಯಾಕೆಟ್ ಲೆಕ್ಕದ ಕೂಲಿ ಹೋಯಿತು.

ಕಾಟಾ ಬಿಚ್ಚುವ ಪ್ರಶ್ನೆಯೇ ಇಲ್ಲ. ವ್ಯಾಪಾರಕ್ಕೆ ಬಳಸುವ ಕಾಟಾಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಸೀಲು ಇರುತ್ತದೆ, ವರ್ಷ ವರ್ಷ ಪರೀಕ್ಷೆ ಮಾಡಿಸಬೇಕು. ಸೀಲು ಒಡೆದರೆ ಮಿಲ್ಲಿನ ಸಾವ್ಕಾರರಿಗೆ ದಂಡ, ಕಾಕಾಗೆ ಮನೆ. ಹಾಗಾಗಿ ‘ಎಚ್‌ಎಕ್ಸ್711 ಚಿಪ್ ಹಾಕಿ ಒಳಗಿನ ಲೋಡ್ ಸೆಲ್ಲಿಂದಲೇ (ಭಾರ ಅಳೆಯುವ ಸೆನ್ಸರ್) ಓದು’ ಅಂದವರಿಗೆಲ್ಲ ಕೈ ಮುಗಿದೆ. ಕಾಟಾದ ಬೆನ್ನಿಗೆ ಪ್ರಿಂಟರಿಗೆ ಅಂತ ಆರ್‌ಎಸ್-232 ಕಿಂಡಿ ಇದೆಯಲ್ಲ, ಅದೇ ಸಾಕು. ವೋಲ್ಟೇಜ್ ಹೊಂದಿಸಲು ಮ್ಯಾಕ್ಸ್3232 ಚಿಪ್, ಓದಲು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ವೇಗ 9600 ಬಾಡ್. ನಿಮಗೆ ಗೊತ್ತಿರುವ ಕಥೆಯೇ.

ಸತಾಯಿಸಿದ್ದು ಬೇರೆ. ತೂಕ ಸ್ಥಿರವಾದ ಮೇಲೆ ಮಾತ್ರ ಈ ಕಾಟಾ ಒಂದು ಸಾಲು ಕಳಿಸುತ್ತಿತ್ತು. ಸುರಿಯುವಾಗ ಏನೂ ಇಲ್ಲ. ಬಿಡದೆ ಕಳಿಸುವ ಸೆಟ್ಟಿಂಗ್ ಮೆನುವಿನಲ್ಲಿ ಎಲ್ಲೋ ಇದೆ ಅಂತ ಗೊತ್ತು, ಎಲ್ಲಿ ಅಂತ ಗೊತ್ತಿಲ್ಲ. ಮಾರಿದವರಿಗೆ ಮ್ಯಾನುವಲ್ ಕೇಳಿದರೆ ‘ಅದು ಕಂಪನಿ ಸೀಕ್ರೆಟ್ ರೀ’ ಅಂದರು. ಅವರದೇ ಅಂಗಡಿಯ ರಿಪೇರಿ ಹುಡುಗ ಚಹಾ ಕುಡಿಯುತ್ತಾ ಎರಡು ಬಟನ್ ಒತ್ತಿಹಿಡಿದು ತೋರಿಸಿದ. ಸೀಲಿಗೂ ಅದಕ್ಕೂ ಸಂಬಂಧವೇ ಇಲ್ಲ. ಸೀಕ್ರೆಟ್ಟಿನ ಬೆಲೆ ಒಂದು ಕಪ್ ಚಹಾ.

ಈಗ ಅಸಲಿ ತಲೆನೋವಿಗೆ ಬರೋಣ. ತೂಕ ನನ್ನ ಬೋರ್ಡಿಗೆ ಬಂತು. ಅದನ್ನು ಕಾಕಾಗೆ ಹೇಗೆ ಮುಟ್ಟಿಸುವುದು?

ಮೊದಲು ದನಿ. ಡಿಎಫ್‌ಪ್ಲೇಯರ್ (ದನಿ ನುಡಿಸುವ ಪುಟ್ಟ ಬೋರ್ಡು), ತಂಗಿಯ ದನಿಯಲ್ಲಿ ಅಂಕಿಗಳು. ಮನೆಯಲ್ಲಿ ಕೇಳಿದವರೆಲ್ಲ ಚಪ್ಪಾಳೆ ಹೊಡೆದರು. ಮಿಲ್ಲಿನಲ್ಲಿ ಕಾಕಾ ಒಂದು ಪ್ಯಾಕೆಟ್ ತುಂಬಿ ಸುಮ್ಮನೆ ನಿಂತರು. ‘ನಾನೂರಾ ಎಂಬತ್ತೇಳು’ ಅಂತ ಅದು ಹೇಳಿ ಮುಗಿಸುವಷ್ಟರಲ್ಲಿ ಬೇಳೆ ಐನೂರಾ ಹತ್ತು ದಾಟಿತ್ತು. ಸುರಿಯುವ ಕೈಗಿಂತ ನಾಲಿಗೆ ನಿಧಾನ. ಜೊತೆಗೆ ಎಲಿವೇಟರ್ ಮತ್ತು ಜರಡಿಯ ಗದ್ದಲ. ಇಯರ್‌ಫೋನ್ ಕೊಡೋಣ ಅಂದರೆ, ಹಿಂದಿನಿಂದ ಚೀಲ ಹೊತ್ತು ಬರುವವನು ‘ಸರಿರೀ’ ಅಂತ ಕೂಗಿದ್ದು ಕೇಳುವುದಿಲ್ಲ. ಕಣ್ಣು ಹೋದವರ ಕಿವಿಯನ್ನೂ ಮುಚ್ಚುವ ಉಪಕರಣ ಯಾರಿಗೆ ಬೇಕು?

ಆಮೇಲೆ ಬೀಪ್. ಕಾರಿನ ರಿವರ್ಸ್ ಸೆನ್ಸರ್ ಹಾಗೆ, ಹತ್ತಿರ ಬಂದಂತೆ ಬೇಗ ಬೇಗ. ಬೇಳೆ ತಗಡಿನ ಮೇಲೆ ಬೀಳುವ ಸದ್ದು ಬಜರನ್ನು ಪೂರ್ತಿ ನುಂಗಿತು. ಪಕ್ಕದ ಕಾಟಾದ ಅಕ್ಕನಿಗೆ ಮಾತ್ರ ಕೇಳಿಸುತ್ತಿತ್ತು, ಅವರಿಗೆ ಅದು ಬೇಕಾಗಿರಲಿಲ್ಲ.

ಆಮೇಲೆ ಕಂಪನ. ಇದರ ಮೇಲೆ ನನಗೆ ಬಹಳ ಭರವಸೆ ಇತ್ತು. ಫೋನಿನ ನಾಣ್ಯದಂಥ ಮೋಟರನ್ನು ಒಂದು ಪ್ಯಾಡಿಗೆ ಅಂಟಿಸಿ ಮೇಜಿನ ಮೇಲಿಟ್ಟೆ. ಮೋಟರ್ ನಡುಗಿತು, ಮೇಜು ನಡುಗಿತು, ಕಾಟಾ ನಡುಗಿತು. ಕಾಟಾ ನಡುಗಿದ್ದಕ್ಕೆ ತೂಕ ಬದಲಾಯಿತು. ತೂಕ ಬದಲಾಗಿದ್ದಕ್ಕೆ ಮೋಟರ್ ಇನ್ನೂ ನಡುಗಿತು. ತನ್ನನ್ನು ತಾನೇ ತೂಗುವ ಯಂತ್ರ! ಮುಂಗೈಗೆ ಪಟ್ಟಿ ಕಟ್ಟಿದರೆ ಬೆವರು. ಏಪ್ರಿಲ್ ಕಲಬುರಗಿ ಬಗ್ಗೆ ಹೊಸದಾಗಿ ಹೇಳಬೇಕಾಗಿಲ್ಲ. ಅದೂ ಅಲ್ಲದೆ ಈ ಮೋಟರು ಒಮ್ಮೆ ತಿರುಗಲು ಶುರುವಾದರೆ ತಟ್ಟನೆ ನಿಲ್ಲುವುದಿಲ್ಲ. ಬೇಗಬೇಗ ಮಿಡಿಸಿದರೆ ಎಲ್ಲಾ ಸೇರಿ ಒಂದೇ ಗುಂಯ್. ಕಂಪನ ನಿಂತರೆ ತೂಕ ಸರಿ ಅಂತ ಇಡೋಣ ಅಂದರೆ, ಬ್ಯಾಟರಿ ಸತ್ತಾಗಲೂ ಕಂಪನ ನಿಲ್ಲುತ್ತದೆ. ಬ್ಯಾಟರಿ ಸತ್ತ ಹೊತ್ತಿನ ಪ್ಯಾಕೆಟ್ಟೆಲ್ಲ ಸರಿ ಅಂತಲೇ ಲೆಕ್ಕ.

ಅವತ್ತು ಸಾಮಾನೆಲ್ಲ ಚೀಲಕ್ಕೆ ತುಂಬುತ್ತಿದ್ದೆ. ಕಾಕಾ ಕೈ ಒರೆಸಿಕೊಂಡು ಅಂದರು: ‘ತಮ್ಮಾ, ಎಷ್ಟ್ ಅದ ಅಂತ ನನಗ್ ಬ್ಯಾಡ. ಸಾಕಾತೋ ಇಲ್ಲೋ, ಅಷ್ಟ ಹೇಳ್ಲಿ.’

ಅವರು ತುಂಬುವುದನ್ನು ಮತ್ತೆ ಕೂತು ನೋಡಿದೆ. ಡಬ್ಬಿಯಲ್ಲಿ ಒಂದೇ ಸಲ ಮೊಗೆದು ಸುರಿಯುತ್ತಾರೆ, ಕಾಟಾ 480ರ ಆಸುಪಾಸು ತೋರಿಸುತ್ತದೆ. ಪ್ರತಿ ಸಲ. ಅಷ್ಟು ವರ್ಷದ ಕೈ ಅದು. ಉಳಿದ ಇಪ್ಪತ್ತು ಗ್ರಾಮನ್ನು ಹಿಡಿಯಲ್ಲಿ, ಕೊನೆಗೆ ಚಿಟಿಕೆಯಲ್ಲಿ ಹಾಕುತ್ತಾರೆ. ದೊಡ್ಡ ಪ್ಯಾಕಿಂಗ್ ಮೆಷಿನ್ನುಗಳೂ ಹೀಗೇ ಮಾಡುವುದು. ಮೊದಲು ಧಾರೆ, ಕೊನೆಗೆ ತೊಟ್ಟು. ಅಂದಮೇಲೆ ಸೊನ್ನೆಯಿಂದ 480ರ ತನಕ ಯಂತ್ರ ಬಾಯಿ ಬಿಡುವ ಅಗತ್ಯವೇ ಇಲ್ಲ. ತಕ್ಕಡಿಯೂ ಹಾಗೇ ಅಲ್ವಾ? ಸಮಕ್ಕೆ ಹತ್ತಿರ ಬರುವ ತನಕ ಅದರ ಮುಳ್ಳು ಅಲ್ಲಾಡುವುದೇ ಇಲ್ಲ.

ಹಾಗೆ ಸರ್ವೋ ಬಂತು, ಅಂದರೆ ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟರು. ಕಾಟಾದ ಪಕ್ಕ ಬೇರೆ ಸ್ಟೂಲಿನ ಮೇಲೆ (ಮೇಜಿನ ಮೇಲೆ ಅಲ್ಲ, ಒಮ್ಮೆ ನಡುಗಿದ್ದು ಸಾಕು) ಒಂದು ಡಬ್ಬಿ. ಮೇಲೆ ಹಿತ್ತಾಳೆ ಕಡ್ಡಿಯ ಮುಳ್ಳು. ಸರಿ ತೂಕದ ಜಾಗದಲ್ಲಿ ಒಂದು ರಿವೆಟ್. ಮುಳ್ಳು ರಿವೆಟ್ಟಿನ ನೇರಕ್ಕೆ ಬಂದರೆ ಬೆರಳಿಗೆ ಗೊತ್ತಾಗುತ್ತದೆ. ಯಂತ್ರ ಸತ್ತರೆ ಮುಳ್ಳು ಸಡಿಲವಾಗಿ ಬೆರಳಿಗೆ ಆಚೆ ಈಚೆ ಆಡುತ್ತದೆ, ಹಾಗಾಗಿ ಮೋಸ ಇಲ್ಲ.

ಸರ್ವೋ ಎಷ್ಟು ತಿರುಗಬೇಕು ಅನ್ನುವುದನ್ನು ಅದಕ್ಕೆ ಕಳಿಸುವ ಮಿಡಿತದ ಉದ್ದ ಹೇಳುತ್ತದೆ. ಲೆಕ್ಕ ಇಷ್ಟು. 480ಕ್ಕೆ 1100 ಮೈಕ್ರೊಸೆಕೆಂಡ್, 500ಕ್ಕೆ 1500. ನಡುವೆ ಸಮನಾಗಿ ಹಂಚಿದರೆ ಒಂದು ಗ್ರಾಮಿಗೆ 20, ಅಂದರೆ ಸುಮಾರು ಎರಡು ಡಿಗ್ರಿ. ಬೆರಳಿಗೆ ಅದು ತಿಳಿಯುವುದಿಲ್ಲ. ಹಾಗಾಗಿ 480ರಿಂದ 495ರ ತನಕ ಬರೀ 100 ಕೊಟ್ಟೆ, ಕೊನೆಯ ಐದು ಗ್ರಾಮಿಗೆ 300. ಒಂದು ಗ್ರಾಮಿಗೆ 60. ಈಗ ಒಂದೊಂದು ಚಿಟಿಕೆಗೂ ಮುಳ್ಳು ಸರಿಯುವುದು ಬೆರಳಿಗೆ ತಿಳಿಯುತ್ತದೆ. 500 ದಾಟಿದ ಮೇಲೂ ಅದೇ ಅಳತೆ. ಪ್ಯಾಕೆಟ್ ನಿಯಮದಲ್ಲಿ 500 ಗ್ರಾಮಿಗೆ 15 ಗ್ರಾಂ ತನಕ ಹೆಚ್ಚುಕಮ್ಮಿಗೆ ಅವಕಾಶ ಇದೆ. ಸಾವ್ಕಾರರ ನಿಯಮದಲ್ಲಿ ಎರಡು ಗ್ರಾಂ. ಜಾಸ್ತಿ ಹೋದದ್ದು ಅವರ ಜೇಬಿನಿಂದ ತಾನೇ.

ಇನ್ನು ಸರ್ವೋ ಪುರಾಣ. ಎಸ್‌ಜಿ90 ಹಾಕಿದರೆ ಬೆರಳಿನ ಭಾರಕ್ಕೇ ಪ್ಲಾಸ್ಟಿಕ್ ಹಲ್ಲು ಸವೆದು ಕಟಕಟ ಅಂದವು. ಲೋಹದ ಗೇರಿನ ಎಂಜಿ90ಎಸ್ ಆನ್‌ಲೈನಲ್ಲಿ ತರಿಸಿದೆ. ಸ್ಟಿಕರ್ ಮೇಲೆ ‘ಮೆಟಲ್ ಗೇರ್’. ಬಿಚ್ಚಿ ನೋಡಿದರೆ ಒಳಗೆ ಬಿಳೀ ಪ್ಲಾಸ್ಟಿಕ್. ಲೋಹ ಇದ್ದದ್ದು ನಾಲ್ಕು ಸ್ಕ್ರೂಗಳಲ್ಲಿ. ದೂರು ಕೊಟ್ಟರೆ ‘ಉತ್ಪನ್ನದ ಫೋಟೋ ಕಳಿಸಿ’, ಫೋಟೋ ಕಳಿಸಿದರೆ ‘ಬಿಚ್ಚಿದ ಸಾಮಾನು ವಾಪಸ್ ಇಲ್ಲ’. ಬಿಚ್ಚದೆ ಗೇರಿನ ಫೋಟೋ ತೆಗೆಯುವ ಎಕ್ಸ್‌ರೇ ಮೆಷಿನ್ ಮುಂದಿನ ಪ್ರಾಜೆಕ್ಟ್. ಕೊನೆಗೆ ಹೈದರಾಬಾದಿಗೆ ಹೋಗುತ್ತಿದ್ದ ಗೆಳೆಯನಿಗೆ ಹೇಳಿ ಕೋಟಿಯ ಗುಜರಾತಿ ಗಲ್ಲಿಯಿಂದ ತರಿಸಿದೆ. ‘ಕೈಯಲ್ಲಿ ತಿರುಗಿಸಿ ನೋಡಿ ತಗೋ, ಒರಟಾಗಿದ್ದರೆ ಲೋಹ’ ಅಂತ ಫೋನಲ್ಲಿ ಪಾಠ ಮಾಡಿದ್ದೆ.

ಲೋಹದ್ದು ಬಂದಮೇಲೆ ಹೊಸ ರಗಳೆ. ಮುಳ್ಳು ಒಂದೇ ಕಡೆ ನಿಲ್ಲದೆ ಕಿರ್ರ್ ಅಂತ ನಡುಗುತ್ತಿತ್ತು. ಕಾಟಾದ ಕೊನೆಯ ಅಂಕಿ ಒಂದು ಗ್ರಾಂ ಮೇಲೆ ಕೆಳಗೆ ಆಡಿದರೆ ಸರ್ವೋ ಕೂಡ ಅದರ ಹಿಂದೆ ಓಡುತ್ತದೆ. ಕೊನೆಯ ಮೂರು ಓದಿನಲ್ಲಿ ನಡುವಿನದನ್ನು ಮಾತ್ರ ತಗೊಂಡೆ. ಸರಾಸರಿ ತಗೊಂಡರೆ ನಿಧಾನವಾಗುತ್ತಿತ್ತು, ಆಗ ಗಾಳಿಯಲ್ಲಿರುವ ಬೇಳೆ ಲೆಕ್ಕ ತಪ್ಪಿಸುತ್ತಿತ್ತು. ಸರ್ವೋಗೆ ಬೇರೆ 5 ವೋಲ್ಟ್ ಸಪ್ಲೈ, 1000 ಮೈಕ್ರೊಫ್ಯಾರಡ್ ಕೆಪಾಸಿಟರ್, ಗ್ರೌಂಡ್ ತಂತಿ ಮಾತ್ರ ಎರಡಕ್ಕೂ ಒಂದೇ. ಇಎಸ್‌ಪಿ ಆಗಾಗ ರೀಸೆಟ್ ಆಗುತ್ತಿದ್ದುದೂ ನಿಂತಿತು.

ಆಮೇಲೆ ಧೂಳು. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಟ್ಯಾಗ್ ಸಿಕ್ಕಿತು. ತೊಗರಿ ಹಿಟ್ಟಿನ ಧೂಳಿಗೆ ಕೊಟ್ಟಿದ್ದರೂ ನಾನು ಸಾಕ್ಷಿ ಹೇಳುತ್ತಿದ್ದೆ. ಸಂಜೆಗೆ ಸರ್ವೋ ಕತ್ತಿನಲ್ಲಿ ಹಳದಿ ಪೇಸ್ಟು. ಸೈಕಲ್ ಟ್ಯೂಬಿನ ವಾಷರ್ ಕತ್ತರಿಸಿ ಹಾಕಿದ್ದೇನೆ, ಸದ್ಯಕ್ಕೆ ತಡೆದಿದೆ.

ಇನ್ನೊಂದು ತೊಡಕು ಉಳಿದಿತ್ತು. ಬಲಗೈ ಸುರಿಯುತ್ತದೆ, ಎಡಗೈ ಪ್ಯಾಕೆಟ್ಟಿನ ಬಾಯಿ ಹಿಡಿದಿರುತ್ತದೆ. ಮುಳ್ಳು ಮುಟ್ಟುವುದು ಯಾರು? ವೆಲ್ಡಿಂಗ್ ಅಂಗಡಿಯಲ್ಲಿ ದಪ್ಪ ತಂತಿ ಬಗ್ಗಿಸಿ ಒಂದು ಸ್ಟ್ಯಾಂಡ್ ಮಾಡಿಸಿದೆ. ಪ್ಯಾಕೆಟ್ ಅದರ ಬಾಯಿಗೆ ಸಿಕ್ಕಿಸಿದರೆ ತಾನೇ ತೆರೆದು ನಿಲ್ಲುತ್ತದೆ. ಕಾಟಾ ತಟ್ಟೆಯ ಮೇಲಿಟ್ಟು ಟೇರ್ (ತೂಕ ಸೊನ್ನೆಗೆ ತರುವ ಬಟನ್) ಒತ್ತಿದರೆ ಮುಗಿಯಿತು. ಎರಡು ದಿನಕ್ಕೆ ಪಕ್ಕದ ಅಕ್ಕಂದಿರು ‘ನಮಗೂ ಒಂದ್ ಮಾಡಿಸ್ ಕೊಡ್ರಿ’ ಅಂತ ಶುರು ಮಾಡಿದರು. ಇಷ್ಟೆಲ್ಲ ಎಲೆಕ್ಟ್ರಾನಿಕ್ಸ್ ಮಾಡಿದ ಮೇಲೆ ಬೇಡಿಕೆ ಬಂದದ್ದು ತಂತಿಗೆ. ಸ್ವಲ್ಪ ಬೇಜಾರಾಯಿತು ಅಂತ ಹೇಳಲೇಬೇಕು.

ಸಾವ್ಕಾರರು ಕೇಳಿದ್ದು ಒಂದೇ ಪ್ರಶ್ನೆ: ‘ಇದಕ್ಕ ಸರ್ಕಾರದಿಂದ ಏನರ ಬರ್ತದೇನ್ರಿ?’ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ತೆಗೆದು ಕೂತೆ. ಕೆಲಸದಲ್ಲಿದ್ದಾಗಲೇ ಅಂಗವೈಕಲ್ಯ ಬಂದರೆ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ ಅಂತ 20ನೇ ಸೆಕ್ಷನ್ ಹೇಳುತ್ತದೆ. ಆದರೆ ಅದು ಸರ್ಕಾರಿ ಸಂಸ್ಥೆಗೆ. 4% ಮೀಸಲಾತಿಯೂ ಅಲ್ಲಿಗೇ. ಖಾಸಗಿಯವರ ಸಿಬ್ಬಂದಿಯಲ್ಲಿ ಕನಿಷ್ಠ 5% ಅಂಗವಿಕಲರು ಇರಲಿ ಅಂತ ಪ್ರೋತ್ಸಾಹ ಕೊಡಬೇಕು ಎಂದು 35ನೇ ಸೆಕ್ಷನ್ನಿನಲ್ಲಿದೆ. ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ ಎಂಬ ಬಾಲ ಸೇರಿಸಿ. ಕಾಕಾನಂಥವರು ಇರುವುದೇ ಈ ಬಾಲದ ತುದಿಯಲ್ಲಿ. ಸಾವ್ಕಾರರಿಗೆ ನಾನು ಹೇಳಿದ್ದು ಬೇರೆ ಲೆಕ್ಕ: ಸಾಮಾನಿನ ಖರ್ಚು ಎರಡು ಸಾವಿರದೊಳಗೆ, ಹೊಸಬನಿಗೆ ಕೈ ಕೂರಿಸಲು ಹೋಗುವ ಬೇಳೆ ಅದಕ್ಕಿಂತ ಜಾಸ್ತಿ. ಈ ಸೆಕ್ಷನ್ ಅವರಿಗೆ ಬೇಗ ಅರ್ಥವಾಯಿತು. ಸದ್ಯಕ್ಕೆ ಮಧ್ಯಾಹ್ನದ ಪಾಳಿ, ಪ್ಯಾಕೆಟ್ ಲೆಕ್ಕದ ಕೂಲಿ. ಬೆಳಗಿನ ಪಾಳಿ ಕೊಡುವ ಬಗ್ಗೆ ‘ನೋಡೋಣ್ರಿ’ ಅಂದಿದ್ದಾರೆ. ನಮ್ಮ ಕಡೆಯ ‘ನೋಡೋಣ್ರಿ’ ಎಷ್ಟು ಉದ್ದ ಅಂತ ನಿಮಗೆ ಗೊತ್ತು. ನಾನು ಹೋಗಿ ಕೇಳುತ್ತಲೇ ಇರುತ್ತೇನೆ.

ನಡುವೆ ಯಾದಗಿರಿಯಿಂದ ಒಂದು ಫೋನ್ ಬಂತು. ಬೇಕರಿಯಲ್ಲಿ ಒಬ್ಬ ಹುಡುಗ, ಕಿವಿ ಕೇಳುವುದಿಲ್ಲ. ಓವನ್ ಟೈಮರಿನ ಗಂಟೆ ಗೊತ್ತಾಗದೆ ಬ್ರೆಡ್ ಸೀದರೆ ಬೈಗುಳ. ಮೈಕ್ ಇಟ್ಟು ಸದ್ದು ಹಿಡಿಯೋಣ ಅನ್ನುವವರು ದಯವಿಟ್ಟು ಮೇಲಿನ ಬೀಪ್ ಪ್ಯಾರಾ ಮತ್ತೆ ಓದಿ. ಬಜರಿನ ತಂತಿಗೇ ರೆಸಿಸ್ಟರ್ ಜೊತೆ ಪಿಸಿ817 ಆಪ್ಟೊಕಪ್ಲರ್ (ಎರಡು ಸರ್ಕ್ಯೂಟನ್ನು ಬೆಳಕಿನಿಂದಷ್ಟೇ ಜೋಡಿಸುವ ಚಿಪ್) ಕೊಟ್ಟು, ಅವನು ಹಿಟ್ಟು ನಾದುವ ಮೇಜಿನ ಮುಂದೆ ದೀಪ ಹಾಕುವ ಯೋಚನೆ. ಮಿನುಗುವ ದೀಪವೋ, ಉರಿದೇ ಇರುವ ದೀಪವೋ ಎಂಬುದನ್ನು ಅವನೇ ಹೇಳಲಿ. ಮುಂದಿನ ವಾರ ಹೋಗುತ್ತೇನೆ. ಅದಕ್ಕಿಂತ ಮೊದಲು ಕಾಕಾನ ಡಬ್ಬಿಗೆ ಒಂದು ತಿರುಗುವ ಸ್ವಿಚ್ ಹಾಕಬೇಕು. ಸಾವ್ಕಾರರು 200 ಗ್ರಾಂ ಮತ್ತು ಒಂದು ಕೆಜಿ ಪ್ಯಾಕೆಟ್ಟನ್ನೂ ಅದೇ ಮೇಜಿಗೆ ತರುತ್ತಾರಂತೆ. ಪ್ರತಿ ಜಾಗದಲ್ಲಿ ‘ಟಕ್’ ಅಂತ ಬೆರಳಿಗೆ ತಿಳಿಯುವ ರೋಟರಿ ಸ್ವಿಚ್ ಬೇಕು, ಮೆತ್ತಗೆ ಜಾರುವಂಥದ್ದು ಬೇಡ. ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದರೆ ತಿಳಿಸಿ. ಸ್ಟಿಕರ್ ನೋಡಿ ಹೇಳಬೇಡಿ, ತಿರುಗಿಸಿ ನೋಡಿ ಹೇಳಿ.