ಎಡಕ್ಕೆ ಎಳೆಯುವ ಬುಲೆಟ್

"ಡಿಸ್ಕ್ ಚೆನ್ನಾಗೇ ಹಿಡೀತಿದೆ ಸಾರ್. ಅದನ್ನ ಹಿಡ್ಕೊಂಡಿರೋದೇ ಸರಿ ಇಲ್ಲ."

ಮಂಗಳವಾರ ಗ್ಯಾರೇಜಿನಲ್ಲಿ ಮೇಸ್ತ್ರಿ ಆಡಿದ ಈ ಮಾತು ವಾರವೆಲ್ಲ ಕಿವಿಯಲ್ಲೇ ಇದೆ. ಗಾಡಿ 1972ರ ಬುಲೆಟ್ 350, ತಾತನಿಂದ ಮೊಮ್ಮಗನಿಗೆ ಬಂದದ್ದು. ಹುಡುಗ ಬೇರೆಲ್ಲೋ ಮುಂದಿನ ಚಕ್ರಕ್ಕೆ ಡಿಸ್ಕ್ ಹಾಕಿಸಿಕೊಂಡು ಬಂದಿದ್ದ. ದೂರು ಒಂದೇ: ಬ್ರೇಕ್ ಹಿಡಿದರೆ ಹ್ಯಾಂಡಲ್ ಎಡಕ್ಕೆ ಎಳೆಯುತ್ತದೆ.

ಮೇಸ್ತ್ರಿ ಓಡಿಸಿ ನೋಡಲೇ ಇಲ್ಲ. ನಿಂತಲ್ಲೇ ಲಿವರ್ ಒತ್ತಿ ಹಿಡಿದು ಗಾಡಿಯನ್ನು ಮುಂದಕ್ಕೆ ತಳ್ಳಿದರು. ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರ್ ತನ್ನ ಬ್ರಾಕೆಟ್ ಸಮೇತ ಅಲುಗಿತು, ಕೈಬಿಟ್ಟಾಗ ವಾಪಸ್ಸಾಯಿತು. ಮತ್ತೆ ತಳ್ಳಿದರು, ಮತ್ತೆ ಅಲುಗಿತು. ಹುಡುಗನ ಮುಖ ನೋಡುವ ಹಾಗಿರಲಿಲ್ಲ.

ಆಗಿದ್ದೇನೆಂದರೆ, ಮುಂಚಕ್ರವನ್ನು ಎರಡೂ ಕಡೆ ಹಿಡಿಯುವ ಹಳೆಯ ಫೋರ್ಕಿನ ಕಾಲನ್ನು ಹಾಗೇ ಬಿಟ್ಟು, ಅದಕ್ಕೊಂದು ಕ್ಲಾಂಪ್ ಸುತ್ತಿ, 5 ಮಿ.ಮೀ. ಪಟ್ಟಿಯನ್ನು ವೆಲ್ಡ್ ಮಾಡಿ ಕ್ಯಾಲಿಪರ್ ನೇತುಹಾಕಿದ್ದರು. ಹೊರಗೆ ಕ್ರೋಮ್ ಬೇರೆ! ಚಕ್ರವನ್ನು ನಿಲ್ಲಿಸುವ ಬಲವಷ್ಟೂ ಕ್ಯಾಲಿಪರ್ ಹಿಡಿದಿರುವ ಎರಡು ಬೋಲ್ಟುಗಳ ಮೂಲಕ ಫೋರ್ಕಿಗೆ ಹೋಗಬೇಕು. ಹೀಗೆ ಸುತ್ತಿದ ಕ್ಲಾಂಪ್ ಇವತ್ತು ಅಲುಗುತ್ತದೆ, ನಾಳೆ ತಿರುಗುತ್ತದೆ, ನಾಡಿದ್ದು ಕ್ಯಾಲಿಪರ್ ಕಡ್ಡಿಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಇಂಥ ಕೆಲಸ ಮಾಡಿ ದುಡ್ಡು ಇಸ್ಕೊಳ್ಳುವವರಿಗೆ ಅದೇ ಗಾಡಿಯಲ್ಲಿ ಒಮ್ಮೆ ಆಗುಂಬೆಯ 14 ತಿರುವುಗಳನ್ನು ಇಳಿಸಬೇಕು.

ಎಡಕ್ಕೆ ಎಳೆಯಲು ಇನ್ನೊಂದು ಕಾರಣವೂ ಇತ್ತು. ಎರಡು ಫೋರ್ಕ್ ಕಾಲುಗಳಿಂದ ರಿಮ್ಮಿನ ಅಂಚಿಗೆ ಅಳೆದರೆ ಬಲಕ್ಕೆ 8 ಮಿ.ಮೀ. ಹೆಚ್ಚು. ಅಂದರೆ ಚಕ್ರ ನಟ್ಟನಡುವಿಂದ 4 ಮಿ.ಮೀ. ಎಡಕ್ಕೆ ಕೂತಿದೆ. ಬ್ರೇಕಿನ ಬಲ ಸ್ಟೀರಿಂಗಿನ ನಡುಗೆರೆಯಿಂದ ಎಡಕ್ಕೆ ಬಿದ್ದರೆ ಹ್ಯಾಂಡಲ್ಲೂ ಆ ಕಡೆಗೇ ತಿರುಗುತ್ತದೆ. ಬೇರೆ ಗಾಡಿಯ ಹಬ್ (ಚಕ್ರದ ನಡುಭಾಗ) ತಂದಾಗ ಅದರ ಎರಡೂ ಕಡೆ ಅಂತರ ಕಾಯುವ ಆಕ್ಸಲ್ಲಿನ ಸ್ಪೇಸರ್‌ಗಳನ್ನು ಹೊಸದಾಗಿ ಲೇತಿನಲ್ಲಿ ಮಾಡಿಸಲೇಬೇಕು. ಇದ್ದಬದ್ದ ವಾಷರ್ ತುಂಬಿ ಬಿಗಿ ಮಾಡಿದರೆ ಹೀಗೇ. ಮೊದಲು ರಿಮ್ಮನ್ನು ನಡುವಿಗೆ ತರಬೇಕು, ಆಮೇಲೆ ಡಿಸ್ಕ್ ಎಲ್ಲಿ ಬರುತ್ತದೋ ಅಲ್ಲಿಗೆ ಕ್ಯಾಲಿಪರ್ ತರಬೇಕು. ಡಿಸ್ಕ್ ಹಾಕಿದವರು ತಿರುಗಾಮುರುಗಾ ಮಾಡಿದ್ದರು: ಕ್ಯಾಲಿಪರ್ ಎಲ್ಲಿ ಕೂತಿತೋ ಅಲ್ಲಿಗೆ ಚಕ್ರವನ್ನು ಎಳೆದಿದ್ದರು.

ಸರಿಯಾದ ದಾರಿ ದುಬಾರಿ, ಆದರೆ ಸುಲಭ. ಡಿಸ್ಕ್ ಇರುವ ನಂತರದ ಬುಲೆಟ್ಟಿನದೇ ಇಡೀ ಮುಂಭಾಗ ತರುವುದು: ಕ್ಯಾಲಿಪರ್‌ಗೆ ಕಿವಿ ಇರುವ ಕಾಲು, ಅದರ ಜೋಡಿ ಕಾಲು, ಪೈಪುಗಳು, ಹಬ್, ಆಕ್ಸಲ್, ಸ್ಪೇಸರ್ ಎಲ್ಲವೂ ಒಂದೇ ಗಾಡಿಯದು. ಹಳೇ ಪೈಪಿಗೆ ಹೊಸ ಕಾಲು ಏರಿಸುವುದಾದರೆ ವರ್ನಿಯರ್ ಹಿಡಿದು ಅಳೆಯದೆ ಮುಂದುವರಿಯಬಾರದು. ಬುಷ್ಷಿನಲ್ಲಿ ಅರ್ಧ ಮಿಲಿಮೀಟರ್ ಸಡಿಲವಿದ್ದರೂ ಬ್ರೇಕ್ ಹಿಡಿದಾಗ ಒಂದು ಕಾಲು ತಿರುಚುತ್ತದೆ.

ಹುಡುಗನಿಗೆ ಮನಸ್ಸಿದ್ದದ್ದು 17 ಇಂಚಿನ ಅಲಾಯ್ ಚಕ್ರದ ಮೇಲೆ. ಸೊಗಸಾಗಿ ಕಾಣುತ್ತದಂತೆ. ಲೆಕ್ಕ ಹಾಕಿದರೆ, ಬುಲೆಟ್ಟಿನ 3.25-19 ಟೈರಿನ ಹೊರವ್ಯಾಸ ಸುಮಾರು 648 ಮಿ.ಮೀ., 90/90-17ರದ್ದು 594. ಗಾಡಿಯ ಮೂತಿ 27 ಮಿ.ಮೀ. ಕೆಳಗಿಳಿಯುತ್ತದೆ, ಟ್ರೈಲ್, ಅಂದರೆ ಸ್ಟೀರಿಂಗಿನ ಗೆರೆ ನೆಲ ಮುಟ್ಟುವ ಜಾಗದಿಂದ ಟೈರ್ ನೆಲ ಮುಟ್ಟುವ ಜಾಗ ಹಿಂದಕ್ಕಿರುವ ಅಂತರ, ಒಂದೂವರೆ ಸೆಂಟಿಮೀಟರಿಗೂ ಹೆಚ್ಚು ಕುಗ್ಗುತ್ತದೆ. ನೆಟ್ಟಗೆ ಹೋಗುವ ಬುಲೆಟ್ಟಿನ ಗುಣವೇ ಹೋಯಿತು. ಸ್ಪೀಡೋ ಕೇಬಲ್ ಮುಂದಿನ ಚಕ್ರದಿಂದ ಬರುವುದರಿಂದ ನಿಜವಾಗಿ 55ರಲ್ಲಿ ಹೋಗುವಾಗ ಮೀಟರ್ 60 ತೋರಿಸುತ್ತದೆ. 19 ಇಂಚಿನಲ್ಲೇ ಇದ್ದು ಒಳ್ಳೆಯ ಹೊಸ ಟೈರ್ ಹಾಕಿಸಿದರೆ ಈ ತಾಪತ್ರಯವೇ ಇಲ್ಲ. ರಿಮ್ಮೂ ಹಬ್ಬೂ ಹೊಸದಾಗಿ ಕಡ್ಡಿ ಕಟ್ಟಿಸಿಕೊಂಡಿದ್ದರೆ 500 ಕಿ.ಮೀ. ಆದ ಮೇಲೆ ಒಮ್ಮೆ ಬಿಗಿ ನೋಡಿಸಬೇಕು, ಹೊಸ ಕಡ್ಡಿಗಳು ಕೂತು ಸಡಿಲವಾಗುತ್ತವೆ.

ಲಿವರ್ ಒತ್ತಿದಾಗ ಕ್ಯಾಲಿಪರ್‌ಗೆ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ವಿಚಾರದಲ್ಲಿ ಎಡವದವರೇ ಕಡಿಮೆ. ದೊಡ್ಡದಿದ್ದರೆ ಜೋರಾಗಿ ಹಿಡಿಯುತ್ತದೆ ಎಂಬ ನಂಬಿಕೆ. ಉಲ್ಟಾ. ಎರಡು ಡಿಸ್ಕಿನ ಗಾಡಿಯಿಂದ ತಂದ 16 ಮಿ.ಮೀ. ಪಿಸ್ಟನ್ನಿನದನ್ನು ಒಂದೇ ಕ್ಯಾಲಿಪರ್‌ಗೆ ಕಟ್ಟಿದರೆ, 13 ಮಿ.ಮೀ. ಪಿಸ್ಟನ್ನಿಗೆ ಬೇಕಾದ ಬಲದ ಒಂದೂವರೆ ಪಟ್ಟು ಕೈ ಹಾಕಬೇಕು. ಲಿವರ್ ಕಲ್ಲಿನ ಹಾಗಿರುತ್ತದೆ, ಗಾಡಿ ನಿಲ್ಲುವುದಿಲ್ಲ. ತೀರಾ ಚಿಕ್ಕದಾದರೆ ಲಿವರ್ ಹ್ಯಾಂಡಲ್ಲಿಗೇ ಬಂದು ತಾಗುತ್ತದೆ. ಕ್ಯಾಲಿಪರ್ ಯಾವ ಗಾಡಿಯದೋ ಮಾಸ್ಟರ್ ಸಿಲಿಂಡರೂ ಅದರದ್ದೇ ತಂದುಬಿಟ್ಟರೆ ತಲೆನೋವಿಲ್ಲ.

ಹೋಸಿನ ತುದಿಯ 10 ಮಿ.ಮೀ. ಬೋಲ್ಟುಗಳಲ್ಲಿ 1.0 ಮತ್ತು 1.25 ಎಂದು ಎರಡು ಪಿಚ್ (ತಿರುಪಿನ ಸುತ್ತುಗಳ ನಡುವಿನ ಅಂತರ) ಇವೆ. ಕೈಯಲ್ಲಿ ಎರಡು ಸುತ್ತು ಹೋಗಿ ಬಿಗಿಯಾದರೆ ಸ್ಪ್ಯಾನರ್ ತೆಗೆದುಕೊಳ್ಳದೆ ಪಿಚ್ ನೋಡಿ. ತಾಮ್ರದ ವಾಷರ್ ಪ್ರತಿ ಬೋಲ್ಟಿಗೆ ಎರಡು, ಪ್ರತಿಸಲ ಹೊಸದು. ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಮುಂಚಕ್ರ ಎತ್ತಿ ಫೋರ್ಕ್ ಪೂರ್ತಿ ಇಳಿಬಿಟ್ಟು, ಹೋಸ್ ಎಲ್ಲೂ ಎಳೆಯುತ್ತಿಲ್ಲ ಎಂದು ನೋಡಬೇಕು. ಡಿಸ್ಕಿನ ಓಲಾಟ 0.3 ಮಿ.ಮೀ. ದಾಟಬಾರದು. ಗಾಳಿ ತೆಗೆಯುವಾಗ ಮೇಲಿಂದ ಪಂಪ್ ಮಾಡಿ ಸುಸ್ತಾಗುವ ಬದಲು, ಸಿರಿಂಜಿನಿಂದ ಕ್ಯಾಲಿಪರ್ ನಿಪ್ಪಲ್ಲಿನ ಮೂಲಕ ಕೆಳಗಿಂದಲೇ ಡಾಟ್ 4 ಬ್ರೇಕ್ ಆಯಿಲ್ ತಳ್ಳಿದರೆ ಗುಳ್ಳೆಗಳು ತಾವೇ ಮೇಲೇರುತ್ತವೆ. ಟ್ಯಾಂಕಿಗೆ ಬಟ್ಟೆ ಹೊದಿಸಿರಲಿ. ತಾತನ ಕಾಲದ ಪೇಂಟನ್ನು ಆ ಆಯಿಲ್ ಒಂದು ಗಳಿಗೆಯಲ್ಲಿ ತಿಂದುಹಾಕುತ್ತದೆ.

ಇಷ್ಟೆಲ್ಲ ಬೇಕಿತ್ತೇ ಎಂಬುದು ಬೇರೆ ಪ್ರಶ್ನೆ. ಗಾಡಿಗೆ ಮೊದಲಿದ್ದ ಡ್ರಮ್ ಬ್ರೇಕಿನ ಡ್ರಮ್ಮನ್ನು ಲೇತಿನಲ್ಲಿ ಸವರಿಸಿ, ಅದರ ಬಾಗಿಗೆ ತಕ್ಕಂತೆ ಬ್ರೇಕ್ ಶೂಗಳ ಲೈನರ್ ಉಜ್ಜಿಸಿ, ಪೂರ್ತಿ ಹಿಡಿದಾಗ ಕ್ಯಾಮಿನ ತೋಳು ಕೇಬಲ್ಲಿಗೆ 90 ಡಿಗ್ರಿಗೆ ಬರುವಂತೆ ಹೊಂದಿಸಿದರೆ ಊರೊಳಗೆ ಸಾಕು. ನಂತರದ ಬುಲೆಟ್ಟುಗಳ 7 ಇಂಚಿನ, ಎರಡು ಲೀಡಿಂಗ್ ಶೂಗಳ (ಚಕ್ರ ತಿರುಗುವ ಬಲಕ್ಕೇ ಇನ್ನಷ್ಟು ಒತ್ತಿಕೊಳ್ಳುವ ಶೂಗಳ) ಡ್ರಮ್ ಇನ್ನೂ ಮೇಲು. ಅದರಲ್ಲಿ ಎರಡು ಶೂ ಒಟ್ಟಿಗೇ ತಾಗುವಂತೆ ನಡುವಿನ ಸಲಾಕೆ ಹೊಂದಿಸಬೇಕು. ಹೆಚ್ಚಿನವರು ಅದನ್ನು ಮುಟ್ಟುವುದೇ ಇಲ್ಲ, ಆಮೇಲೆ ಡ್ರಮ್ಮಿಗೆ ಬೈಯುತ್ತಾರೆ. ಡಿಸ್ಕ್ ನಿಜಕ್ಕೂ ಗೆಲ್ಲುವುದು ಘಾಟಿ ಇಳಿಯುವಾಗ ಮತ್ತು ಮಲೆನಾಡಿನ ಮಳೆಯಲ್ಲಿ: ಕಾದ ಡ್ರಮ್ಮೂ ನೀರು ಹೊಕ್ಕ ಡ್ರಮ್ಮೂ ಕೈಕೊಡುತ್ತವೆ.

ಕಾನೂನಿನ ಮಾತೂ ಇದೆ. ಗಾಡಿಯ ಮೂಲ ವಿವರಕ್ಕೆ ಹೊಂದದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಲ್ಲಿ ವಿಂಟೇಜ್ ವಾಹನಗಳ 'ವಿಎ' ನಂಬರ್ ಸಿಗುತ್ತದೆ, ಆದರೆ ಅದು ಮೂಲ ರೂಪದಲ್ಲೇ ಇರಬೇಕು. ಚಾಸಿ ಮುಟ್ಟದೆ, ಏನನ್ನೂ ಕತ್ತರಿಸದೆ, ಬೋಲ್ಟ್ ಬಿಚ್ಚಿದರೆ ಹಳೆಯದಕ್ಕೆ ಮರಳುವ ಹಾಗೆ ಕೆಲಸ ಮಾಡಿಸಬೇಕು ಎನ್ನುವುದು ಅದಕ್ಕೇ.

ಗುರುವಾರ ಹೊಸ ಕಾಲುಗಳು ಏರಿದವು. ಮೇಸ್ತ್ರಿ ಮತ್ತೆ ಲಿವರ್ ಒತ್ತಿ ತಳ್ಳಿದರು. ಈ ಸಲ ಫೋರ್ಕ್ ಕುಗ್ಗಿತು, ಕ್ಯಾಲಿಪರ್ ಅಲುಗಲಿಲ್ಲ. ಹಳೆಯ ಚಕ್ರ, ಬ್ರೇಕ್ ಪ್ಲೇಟ್, ಫೋರ್ಕ್ ಕಾಲುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಹುಡುಗನ ಮುಂದಿಟ್ಟರು.

"ಗುಜರಿಗೆ ಹಾಕ್ಬಿಡಿ ಮೇಸ್ತ್ರಿ," ಅಂದ.

"ಮನೇಲಿ ಅಟ್ಟ ಇಲ್ವಾ ಸಾರ್?"